ಪೆಡಿಕ್ಯೂರ್‌ನಲ್ಲಿರುವ ‘ಕ್ಯೂರ್’ ಏನನ್ನು ವಾಸಿ ಮಾಡುತ್ತದೆ?

ಪ್ರಶ್ನೆ: “ಮೇಡಂ, ನಮಸ್ಕಾರ. ತಿಪಟೂರಿನಲ್ಲಿ ಆರು ವರ್ಷದಿಂದ ಚಿಕ್ಕದೊಂದು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಈಗ ಮಳಿಗೆ ಬದಲಾಯಿಸಿದ್ದೇನೆ, ಹೊಸ ಬೋರ್ಡ್ ಬರೆಸಬೇಕು. ಬೋರ್ಡಿನಲ್ಲಿ ಕನ್ನಡವೇ ಹೆಚ್ಚಿರಬೇಕೆಂಬ ನಿಯಮವಿದೆ, ನನಗೂ ಅದೇ ಇಷ್ಟ. ಬೇರೆಯದೆಲ್ಲ ಹೇಗೋ ಆಯಿತು, ಪೆಡಿಕ್ಯೂರ್ ಬಳಿ ಬಂದು ನಿಂತಿದೆ. ಬೋರ್ಡ್ ಬರೆಯುವವರು ‘ಪಾದ ಚಿಕಿತ್ಸೆ’ ಅಂತ ಹಾಕೋಣ ಎನ್ನುತ್ತಾರೆ. ನನ್ನ ಮೈದುನ, ಇದು ಸಂಸ್ಕೃತದ ‘ಪಾದಕರ’ ಎಂಬ ಪದವೇ, ಇಂಗ್ಲಿಷಿನವರು ಕೊಂಡೊಯ್ದು ಕೆಡಿಸಿದ್ದಾರೆ, ಹಾಗೆಂದು ಮೊಬೈಲಿಗೆ ಬಂದಿದೆ ಎನ್ನುತ್ತಾನೆ. ಒಂಬತ್ತನೇ ಕ್ಲಾಸಿನ ಮಗಳು ‘ಪೀಡಿ ಅಂದ್ರೆ ಮಗು ಅಲ್ವಾಮ್ಮ, ಪೀಡಿಯಾಟ್ರಿಷನ್ ಅಂತೀವಲ್ಲ’ ಎನ್ನುತ್ತಾಳೆ. ಇದೆಲ್ಲಕ್ಕಿಂತ ಹೆಚ್ಚಾಗಿ, ಸಕ್ಕರೆ ಕಾಯಿಲೆ ಇರುವ ನಮ್ಮ ಅತ್ತೆ, ‘ಕ್ಯೂರ್ ಅಂದ್ರೆ ವಾಸಿ ಮಾಡೋದು ತಾನೇ? ಊರವರ ಕಾಲೆಲ್ಲ ವಾಸಿ ಮಾಡ್ತೀಯ, ನನ್ನ ಹಿಮ್ಮಡಿ ಒಂದು ನೋಡಬಾರದಾ’ ಎಂದರು. ಏನು ಹೇಳಬೇಕೋ ತಿಳಿಯಲಿಲ್ಲ. ಈ ಪದದ ನಿಜವಾದ ಅರ್ಥವೇನು? ಬೋರ್ಡಿನ ಮೇಲೆ ಏನು ಬರೆಸಲಿ?”

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪದ ಎಲ್ಲಿಂದ ಬಂತು ಎಂಬ ಕುತೂಹಲ ಅದರಲ್ಲಿದೆ, ನಿಜ. ಆದರೆ ನಿಮ್ಮನ್ನು ಕಾಡುತ್ತಿರುವುದು ಬೇರೆ: ಮಾಡಲಾಗದ ಕೆಲಸವೊಂದನ್ನು ಮಾಡುತ್ತೇನೆಂದು ಬೋರ್ಡ್ ಹಾಕಿಕೊಂಡಂತಾಗುತ್ತದೆಯೇ ಎಂಬ ಅಳುಕು. ಆ ಅಳುಕು ಸರಿಯಾದದ್ದೇ. ನಿಘಂಟು ಮತ್ತು ಅನುವಾದದ ಕೆಲಸದಲ್ಲಿ ಮೂವತ್ತು ವರ್ಷ ಕಳೆದವಳಾಗಿ ಹೇಳುತ್ತೇನೆ, ಬೋರ್ಡಿನ ಮೇಲಿನ ಒಂದು ಪದ ಜನರನ್ನು ಸರಿಯಾದ ಬಾಗಿಲಿಗೂ ಕಳಿಸಬಲ್ಲದು, ತಪ್ಪು ಬಾಗಿಲಿಗೂ ಕಳಿಸಬಲ್ಲದು.

ಮೊದಲು ಪದವನ್ನು ಬಿಡಿಸೋಣ. ಪೆಡಿಕ್ಯೂರ್ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಫ್ರೆಂಚರು ಅದನ್ನು ಎರಡು ಲ್ಯಾಟಿನ್ ತುಂಡುಗಳಿಂದ ಕಟ್ಟಿದರು. ‘ಪೇಸ್’ ಎಂದರೆ ಪಾದ. ವಿಭಕ್ತಿ ಹತ್ತಿದಾಗ ಅದು ‘ಪೆದಿಸ್’, ‘ಪೆದೆಮ್’ ಎಂದಾಗುತ್ತದೆ, ಹಾಗಾಗಿ ಮೂಲ ತುಂಡು ‘ಪೆದ್’. ಎರಡನೆಯದು ‘ಕೂರಾ’, ಅದರ ಕ್ರಿಯಾಪದ ‘ಕೂರಾರೆ’. ಕೂರಾ ಎಂದರೆ ಗಮನ, ಕಾಳಜಿ, ಜವಾಬ್ದಾರಿ, ಚಿಂತೆ. ಎರಡೂ ಕೂಡಿದರೆ ಪಾದದ ಕಡೆಗಿನ ಗಮನ.

ನಿಮ್ಮ ಮಗಳ ಊಹೆ ಬಹಳ ಜನ ದೊಡ್ಡವರೂ ಮಾಡುವಂಥದ್ದು, ಅವಳನ್ನು ಗದರಬೇಡಿ. ಪೀಡಿಯಾಟ್ರಿಷನ್‌ನ ‘ಪೀಡಿ’ ಗ್ರೀಕಿನ ‘ಪಾಯ್ಸ್, ಪಾಯ್ದೋಸ್’ನಿಂದ ಬಂದದ್ದು, ಅದರ ಅರ್ಥ ಮಗು. ಬ್ರಿಟಿಷ್ ಕಾಗುಣಿತದಲ್ಲಿ ಪಿ ಅಕ್ಷರದ ನಂತರ ಎ ಮತ್ತು ಇ ಎರಡೂ ಇರುತ್ತವೆ, ಹಾಗಾಗಿ ಕಣ್ಣಿಗಾದರೂ ವ್ಯತ್ಯಾಸ ತಿಳಿಯುತ್ತಿತ್ತು. ಅಮೆರಿಕನ್ನರು ಎ ಅಕ್ಷರವನ್ನು ಕೈಬಿಟ್ಟರು, ಆಗ ಮಗುವಿನ ಪೆಡ್ ಮತ್ತು ಪಾದದ ಪೆಡ್ ನೋಡಲು ಒಂದೇ ಆದವು. ಇನ್ನೊಂದು ಇದೆ: ತಲೆಯಲ್ಲಿ ಹೇನಾಗುವುದಕ್ಕೆ ವೈದ್ಯರು ‘ಪೆಡಿಕ್ಯುಲೋಸಿಸ್’ ಎನ್ನುತ್ತಾರೆ. ಅದು ಲ್ಯಾಟಿನ್ನಿನಲ್ಲಿ ಹೇನಿಗಿರುವ ‘ಪೆದಿಕುಲುಸ್’ ಎಂಬ ಪದ, ಪಾದಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಜವಾಗಿ ಪಾದದ ಬಳಗಕ್ಕೆ ಸೇರಿದವು ಬೇರೆ. ಸೈಕಲ್ಲಿನ ಪೆಡಲ್. ರಸ್ತೆ ದಾಟುವ ಪಾದಚಾರಿಯನ್ನು ಕರೆಯುವ ಪೆಡೆಸ್ಟ್ರಿಯನ್. ‘ನೂರು ಕಾಲಿನದು’ ಎಂಬ ಅರ್ಥದ ಹೆಸರಿನ ಸೆಂಟಿಪೀಡ್. ವಂಶಾವಳಿಗೆ ಹೇಳುವ ‘ಪೆಡಿಗ್ರೀ’ ಕೂಡ ಇಲ್ಲಿಯದೇ. ವಂಶವೃಕ್ಷ ಬರೆಯುವಾಗ ಹಾಕುತ್ತಿದ್ದ ಕವಲು ಗೆರೆ ಕೊಕ್ಕರೆಯ ಪಾದದಂತೆ ಕಾಣುತ್ತದೆಂದು ಹಳೆಯ ಫ್ರೆಂಚಿನಲ್ಲಿ ‘ಕೊಕ್ಕರೆ ಪಾದ’ ಎಂದದ್ದೇ ಮುಂದೆ ಪೆಡಿಗ್ರೀ ಆಯಿತು.

ಈಗ ನಿಮ್ಮ ಮೈದುನರ ವಾದ. ಅದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ಬಹಳ ಸೊಗಸಾಗಿದೆ. ಸಂಸ್ಕೃತದ ಪಾದ, ಲ್ಯಾಟಿನ್ನಿನ ಪೆದ್, ಗ್ರೀಕಿನ ಪೊದ್, ಇಂಗ್ಲಿಷಿನ ಫುಟ್ ಇವು ಒಂದೇ ತಾಯಿಯ ಮಕ್ಕಳು. ಆ ತಾಯಿ ಭಾಷೆಯಲ್ಲಿ ಬರೆದ ಒಂದು ಸಾಲೂ ಉಳಿದಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಮುಖವನ್ನು ಊಹಿಸುವಂತೆ ವಿದ್ವಾಂಸರು ಅದನ್ನು ಕಟ್ಟಿಕೊಂಡಿದ್ದಾರೆ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಮಾಡಿದ ಉಪನ್ಯಾಸದಿಂದ ಈ ವಿಚಾರ ವಿದ್ವಾಂಸರ ನಡುವೆ ಹಬ್ಬಿತು. ಪಾದ ಹೋಗಿ ಫುಟ್ ಆದದ್ದು ಹೇಗೆ ಎಂದು ಕೇಳಿದರೆ, ಕನ್ನಡದವರಿಗೆ ಅದು ಸುಲಭವಾಗಿ ತಿಳಿಯಬೇಕು. ಹಳಗನ್ನಡದ ಪಾಲು ನಮ್ಮಲ್ಲಿ ಹಾಲಾಗಲಿಲ್ಲವೇ? ಪೋಗು ಹೋಗು ಆಯಿತು, ಪಲ್ಲು ಹಲ್ಲಾಯಿತು. ಹಾಗೆಯೇ ಇಂಗ್ಲಿಷ್, ಜರ್ಮನ್ ಇರುವ ಕವಲಿನಲ್ಲಿ ಪ ಎಂಬುದು ಫ ಆಯಿತು. ಪಿತೃ–ಫಾದರ್, ಪಂಚ–ಫೈವ್, ಪಾದ–ಫುಟ್. ಒಂದೆರಡು ಪದಗಳಲ್ಲಿ ಅಕಸ್ಮಾತ್ ಆದದ್ದಲ್ಲ, ಸಾಲುಸಾಲಾಗಿ ಆದ ಬದಲಾವಣೆ.

ಆದ್ದರಿಂದ ಪಾದ ಮತ್ತು ಪೆದ್ ಅಣ್ಣತಮ್ಮಂದಿರು. ಒಂದು ಇನ್ನೊಂದರ ಮಗನಲ್ಲ. ಲ್ಯಾಟಿನ್ ಆಡುವವರು ಸಂಸ್ಕೃತದಿಂದ ಪಾದವನ್ನು ಎರವಲು ಪಡೆದಿಲ್ಲ, ಕೆಡಿಸಿಯೂ ಇಲ್ಲ. ಇನ್ನು ಕ್ಯೂರ್‌ನಲ್ಲಿ ‘ಕರ’ವನ್ನು ಕಾಣುವುದಂತೂ ಆಗದ ಮಾತು. ಕರ, ಕಾರ ಇವು ಸಂಸ್ಕೃತದ ‘ಕೃ’ ಧಾತುವಿನವು, ಅರ್ಥ ಮಾಡು. ಲ್ಯಾಟಿನ್ನಿನ ಕೂರಾ ಇನ್ನೂ ಹಿಂದೆ ‘ಕೊಯ್ರಾ’ ಎಂದಿತ್ತೆಂದು ಹಳೆಯ ಶಾಸನಗಳಿಂದ ತಿಳಿಯುತ್ತದೆ. ಅದರೊಳಗೆ ಕೃ ಹುಡುಕಿದರೆ ಸಿಗುವುದಿಲ್ಲ. ಮೊಬೈಲಿಗೆ ಬರುವ ಪದಮೂಲಗಳ ತೊಂದರೆಯೇ ಇದು. ಎರಡು ಪದಗಳು ಕಿವಿಗೆ ಒಂದೇ ರೀತಿ ಕೇಳಿಸಿದರೆ ನೆಂಟಸ್ತಿಕೆ ಕಟ್ಟಿಬಿಡುತ್ತವೆ. ನನಗೆ ಇದರಲ್ಲಿ ಬೇಸರವಾಗುವುದು ಸುಳ್ಳು ಹೇಳಿದರೆಂದಲ್ಲ, ಅದಕ್ಕಿಂತ ಎಷ್ಟೋ ಸುಂದರವಾದ ನಿಜ ಪಕ್ಕದಲ್ಲೇ ಇರುವಾಗ ಅದನ್ನು ಕಾಣದೆ ಹೋಗುತ್ತಾರಲ್ಲ ಎಂದು.

ಕಿವಿಯ ಮೋಸಕ್ಕೆ ಇನ್ನೂ ಒಳ್ಳೆಯ ಉದಾಹರಣೆ ನಿಮ್ಮ ವೃತ್ತಿಯಲ್ಲೇ ಇದೆ. ಎಷ್ಟೋ ಬೋರ್ಡುಗಳಲ್ಲಿ ‘ಪೆಡಿಕೇರ್’ ಎಂದು ಬರೆದಿರುವುದನ್ನು ನೋಡಿದ್ದೇನೆ. ಕಾಗುಣಿತ ತಪ್ಪು, ಅರ್ಥ ಸರಿ! ಆದರೆ ಇಂಗ್ಲಿಷಿನ ಕೇರ್ ಲ್ಯಾಟಿನ್ನಿನ ಕೂರಾದಿಂದ ಬಂದಿಲ್ಲ. ಅದು ಹಳೆಯ ಇಂಗ್ಲಿಷಿನದೇ ಪದ, ಮೊದಲಿಗೆ ಅದಕ್ಕೆ ದುಃಖ, ಸಂಕಟ ಎಂಬ ಅರ್ಥವಿತ್ತು. ಚಿಂತೆಯಿಂದ ಕಾಳಜಿಗೆ ಬಂದ ದಾರಿ ಅದು. ನಾವು ಮರಾಠಿಯಿಂದ ಪಡೆದ ‘ಕಾಳಜಿ’ ಎಂಬ ಪದವನ್ನೇ ನೋಡಿ, ಮರಾಠಿಯಲ್ಲಿ ಇಂದಿಗೂ ಅದಕ್ಕೆ ಚಿಂತೆ ಎಂಬ ಅರ್ಥವಿದೆ. ಯಾರ ಬಗ್ಗೆ ಚಿಂತೆಯೋ ಅವರನ್ನು ತಾನೇ ನಾವು ನೋಡಿಕೊಳ್ಳುವುದು.

ಈಗ ನಿಮ್ಮ ಅತ್ತೆಯವರ ಪ್ರಶ್ನೆಗೆ ಬರೋಣ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಕ್ಯೂರ್ ಎಂದರೆ ವಾಸಿ ಮಾಡುವುದು ಎಂಬುದು ಇಂದಿನ ಇಂಗ್ಲಿಷಿನ ಅರ್ಥ. ಅದು ಮೂಲದ ಕೂರಾ ಎಂಬ ದೊಡ್ಡ ಮನೆಯ ಒಂದು ಕೋಣೆ ಮಾತ್ರ. ಉಳಿದ ಕೋಣೆಗಳನ್ನು ನೋಡಿದರೆ ಮನೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುವವರು ಕ್ಯುರೇಟರ್, ಅವರು ಯಾರನ್ನೂ ವಾಸಿ ಮಾಡುವುದಿಲ್ಲ. ಗಮನವಿಟ್ಟು ಮಾಡಿದ್ದು ಆಕ್ಯುರೇಟ್. ನಿಮ್ಮ ಮಳಿಗೆಯ ಪಕ್ಕದ ಬ್ಯಾಂಕಿನ ಬಾಗಿಲಲ್ಲಿ ನಿಂತಿರುವ ಸೆಕ್ಯೂರಿಟಿಯವರ ಹೆಸರಿನಲ್ಲೂ ಕೂರಾ ಇದೆ: ‘ಸೆ’ ಎಂದರೆ ಇಲ್ಲದೆ, ಕೂರಾ ಎಂದರೆ ಚಿಂತೆ. ನಮ್ಮ ‘ನಿಶ್ಚಿಂತೆ’ ಎಂಬ ಪದವನ್ನು ಕಟ್ಟಿದ್ದೂ ಹೀಗೆಯೇ. ಲ್ಯಾಟಿನ್ನಿನಲ್ಲಿಯೇ ಕೂರಾರೆಗೆ ರೋಗಿಯನ್ನು ಉಪಚರಿಸು ಎಂಬ ಬಳಕೆಯೂ ಇತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಅದೇ ಬಳಕೆ ಬೆಳೆದು ಇಂಗ್ಲಿಷಿನಲ್ಲಿ ‘ಗುಣಪಡಿಸು’ ಆಯಿತು. ಪೆಡಿಕ್ಯೂರ್ ಎಂಬ ಜೋಡುಪದದಲ್ಲಿ ಉಳಿದುಕೊಂಡಿದ್ದು ‘ನೋಡಿಕೊಳ್ಳು’ ಎಂಬ ಹಳೆಯ ಅರ್ಥ.

ಆದರೂ ಅತ್ತೆಯವರು ಪೂರ್ತಿ ತಪ್ಪು ಹೇಳಿಲ್ಲ. ಈ ಪದ ಹುಟ್ಟಿದಾಗ ಅದು ಸೌಂದರ್ಯದ ಪದವೇ ಆಗಿರಲಿಲ್ಲ. ಅಷ್ಟೇ ಅಲ್ಲ, ಅದು ಒಂದು ಕೆಲಸದ ಹೆಸರೂ ಆಗಿರಲಿಲ್ಲ, ಆ ಕೆಲಸ ಮಾಡುವ ಮನುಷ್ಯನನ್ನು ಕರೆಯುವ ಹೆಸರಾಗಿತ್ತು. 1780ರ ದಶಕದಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯ ಆಸ್ಥಾನದಲ್ಲಿ ಲಾಫೊರೆ ಎಂಬ ಶಸ್ತ್ರವೈದ್ಯನಿದ್ದ. ರಾಜಮನೆತನದವರ ಪಾದದ ಆಣಿ ತೆಗೆಯುವುದು, ದಪ್ಪಗಟ್ಟಿದ ಚರ್ಮ ಹೆರೆಯುವುದು, ಒಳಕ್ಕೆ ಬೆಳೆದ ಉಗುರನ್ನು ಸರಿಪಡಿಸುವುದು ಅವನ ಕೆಲಸ. ಅವನು ತನ್ನನ್ನು ದೊರೆಯ ‘ಶಸ್ತ್ರವೈದ್ಯ–ಪೆದಿಕ್ಯೂರ್’ ಎಂದು ಕರೆದುಕೊಂಡ. ಅದಕ್ಕೆ ಮುಂಚೆಯೂ ಯೂರೋಪಿನ ಸಂತೆ ಬೀದಿಗಳಲ್ಲಿ ಆಣಿ ಕತ್ತರಿಸುವವರು ಇದ್ದರು, ಇಂಗ್ಲಿಷಿನಲ್ಲಿ ಅವರನ್ನು ‘ಕಾರ್ನ್ ಕಟರ್’ ಎಂದೇ ಕರೆಯುತ್ತಿದ್ದರು. ಅರಮನೆಯ ಒಳಗೆ ಕಾಲಿಟ್ಟವನಿಗೆ ಬೀದಿಯ ಹೆಸರು ಒಗ್ಗಲಿಲ್ಲ, ಲ್ಯಾಟಿನ್ ಹೆಸರು ಬಂತು. ಕ್ಷೌರದಂಗಡಿ ನಮ್ಮಲ್ಲಿ ಸಲೂನ್ ಆದದ್ದೂ ಇಂಥದೇ ದಾರಿಯಲ್ಲಿ.

ಇಂಗ್ಲೆಂಡಿನಲ್ಲಿ ಅದೇ ಹೊತ್ತಿಗೆ, 1785ರಲ್ಲಿ, ಡೇವಿಡ್ ಲೋ ಎಂಬಾತ ಇದೇ ಕಸುಬಿಗೆ ಗ್ರೀಕಿನಿಂದ ಹೆಸರು ಹುಡುಕಿದ. ‘ಖೈರ್’ ಎಂದರೆ ಕೈ, ‘ಪೊದ್’ ಎಂದರೆ ಪಾದ. ಎರಡನ್ನೂ ಸೇರಿಸಿ ಕೈಕಾಲು ನೋಡುವವನು ಎಂಬರ್ಥದಲ್ಲಿ ‘ಕಿರೋಪೊಡಿಸ್ಟ್’. ಪೆಡಿಕ್ಯೂರ್ ಪದ ಇಂಗ್ಲಿಷಿಗೆ ಬಂದದ್ದು 19ನೇ ಶತಮಾನದಲ್ಲಿ, ಆಗಲೂ ಅದರ ಅರ್ಥ ಪಾದ ನೋಡುವ ಮನುಷ್ಯ ಎಂದೇ. ‘ಪೆಡಿಕ್ಯೂರನ್ನು ಕರೆಸಿ’ ಎನ್ನಬಹುದಾಗಿತ್ತು. ಆ ಶತಮಾನ ಮುಗಿಯುವ ಹೊತ್ತಿಗೆ ಮನುಷ್ಯನಿಂದ ಜಾರಿ ಅವನು ಮಾಡುವ ಕೆಲಸಕ್ಕೆ ಅಂಟಿಕೊಂಡಿತು. ಆಮೇಲೆ 20ನೇ ಶತಮಾನದಲ್ಲಿ ಬೆರಳು ಕಾಣುವ ಚಪ್ಪಲಿಗಳು, ಉಗುರಿನ ಬಣ್ಣದ ಸೀಸೆಗಳು ಬಂದವು, ಪದ ಆಸ್ಪತ್ರೆಯ ಹೊಸಿಲು ದಾಟಿ ಪಾರ್ಲರಿನ ಕುರ್ಚಿಗೆ ಬಂದು ಕೂತಿತು. ಕೈಗೆ ಮಾಡುವ ಮೆನಿಕ್ಯೂರ್ ಕೂಡ ಹೀಗೆಯೇ ಮೊದಲು ಮನುಷ್ಯನ ಹೆಸರಾಗಿ ಬಂದು ಆಮೇಲೆ ಕೆಲಸದ ಹೆಸರಾಯಿತು.

ಫ್ರಾನ್ಸಿನಲ್ಲಿ ಮಾತ್ರ ಹಳೆಯ ಅರ್ಥ ಇನ್ನೂ ಗಟ್ಟಿಯಾಗಿದೆ. ಅಲ್ಲಿ ‘ಪೆದಿಕ್ಯೂರ್–ಪೊದೊಲೋಗ್’ ಎಂದರೆ ಮೂರು ವರ್ಷ ಓದಿ ಸರ್ಕಾರದ ಡಿಪ್ಲೊಮಾ ಪಡೆದ ಪಾದತಜ್ಞರು. ಜರ್ಮನಿಯವರು 2002ರಲ್ಲಿ ಕಾನೂನು ಜಾರಿಗೆ ತಂದು ‘ಪೊಡೊಲೋಗೆ’ ಎಂಬ ಹೆಸರನ್ನು ತರಬೇತಾದವರಿಗೆ ಮೀಸಲಿಟ್ಟರು. ನೋಡುವ ಕೈ ಯಾವುದು, ವಾಸಿ ಮಾಡುವ ಕೈ ಯಾವುದು ಎಂದು ಹೆಸರಿನಲ್ಲೇ ತಿಳಿಯಲಿ ಎಂಬ ಕಾಳಜಿ ಅದು. ನಿಮ್ಮ ಬೋರ್ಡಿನಲ್ಲಿ ನಾವು ಮಾಡಬೇಕಾದದ್ದೂ ಅಷ್ಟೇ.

ಹಾಗಿದ್ದರೆ ‘ಪಾದ ಚಿಕಿತ್ಸೆ’ ಏಕೆ ಬೇಡ? ಮೂಲ ನೋಡಿದರೆ ಚಿಕಿತ್ಸೆ ಎಂಬ ಪದವೂ ಮೊದಲಿಗೆ ಔಷಧಿಯ ಪದವಲ್ಲ. ಸಂಸ್ಕೃತದಲ್ಲಿ ಅದು ಅರಿಯುವುದು, ಗಮನಿಸುವುದು ಎಂಬರ್ಥದ ಧಾತುವಿನಿಂದ ಕಟ್ಟಿದ್ದು, ಹೆಚ್ಚುಕಡಿಮೆ ಲ್ಯಾಟಿನ್ನಿನ ಕೂರಾದ ಹಾಗೆಯೇ. ಆ ಲೆಕ್ಕದಲ್ಲಿ ನಿಮ್ಮ ಬೋರ್ಡ್ ಬರೆಯುವವರ ಅನುವಾದ ತಪ್ಪಲ್ಲ ಎಂದು ಯಾರಾದರೂ ಪಂಡಿತರು ವಾದಿಸಬಹುದು. ಆದರೆ ಪದ ಎಲ್ಲಿ ಹುಟ್ಟಿತು ಎಂಬುದು ಒಂದು, ಇವತ್ತು ಕೇಳಿದವರ ಮನಸ್ಸಿನಲ್ಲಿ ಅದು ಏನನ್ನು ಎಬ್ಬಿಸುತ್ತದೆ ಎಂಬುದು ಇನ್ನೊಂದು. ಕನ್ನಡದಲ್ಲಿ ಚಿಕಿತ್ಸೆ ಎಂದ ಕೂಡಲೇ ಡಾಕ್ಟರು, ಮಾತ್ರೆ, ಇಂಜೆಕ್ಷನ್ ಕಣ್ಣಿಗೆ ಬರುತ್ತವೆ.

ಇದನ್ನು ನಾನು ಪಾಠವಾಗಿ ಕಲಿತದ್ದು ನನ್ನದೇ ತಪ್ಪಿನಿಂದ. ಸಕ್ಕರೆ ಕಾಯಿಲೆಯವರು ದಿನವೂ ಪಾದ ತೊಳೆದು, ಒರೆಸಿ, ಗಾಯವಿದೆಯೇ ಎಂದು ನೋಡಿಕೊಳ್ಳಬೇಕು ಎಂದು ತಿಳಿಸುವ ಒಂದು ಕೈಹಾಳೆಯನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ‘ಫುಟ್ ಕೇರ್’ ಎಂಬ ತಲೆಬರಹಕ್ಕೆ ‘ಪಾದ ಚಿಕಿತ್ಸೆ’ ಎಂದು ಬರೆದಿದ್ದೆ. ಅಚ್ಚಿಗೆ ಮುಂಚೆ ಹಳ್ಳಿಯೊಂದರಲ್ಲಿ ಹೆಂಗಸರಿಗೆ ಓದಿ ಹೇಳಿದಾಗ, ಹೊಲದಿಂದ ಆಗಷ್ಟೇ ಬಂದಿದ್ದ ಹಿರಿಯರೊಬ್ಬರು, “ಚಿಕಿತ್ಸೆ ಡಾಕ್ಟ್ರು ಮಾಡೋದಲ್ವೇನವ್ವ, ನಮಗ್ಯಾಕ್ ಹೇಳ್ತೀಯ” ಎಂದರು. ಆ ಹಾಳೆಯಲ್ಲಿದ್ದದ್ದೆಲ್ಲ ಅವರೇ ಮನೆಯಲ್ಲಿ ಮಾಡಿಕೊಳ್ಳಬೇಕಾದ ಕೆಲಸ. ನನ್ನ ಒಂದು ಪದ ಅವರ ಕೈಯಿಂದ ಆ ಕೆಲಸವನ್ನು ಕಿತ್ತುಕೊಂಡಿತ್ತು. ‘ಪಾದಗಳ ಆರೈಕೆ’ ಎಂದು ತಿದ್ದಿದೆವು.

ನಿಮ್ಮ ಅಂಗಡಿಯಲ್ಲಿ ಅದೇ ತಪ್ಪು ತಿರುವುಮುರುವಾಗಿ ಆಗುತ್ತದೆ. ಚಿಕಿತ್ಸೆ ಎಂದು ಓದಿದವರು ಹುಣ್ಣು, ಕೀವು, ಮರಗಟ್ಟಿದ ಪಾದ ಹೊತ್ತು ನಿಮ್ಮ ಬಳಿಗೇ ಬರುತ್ತಾರೆ. ಡಾಕ್ಟರ ಬಳಿ ಹೋಗಬೇಕಾದ ದಿನಗಳು ನಿಮ್ಮ ಬಿಸಿನೀರಿನ ಟಬ್ಬಿನಲ್ಲಿ ಕಳೆದುಹೋಗುತ್ತವೆ. ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗಳು ನೋಂದಾಯಿಸಿಕೊಳ್ಳಬೇಕೆಂದು ನಮ್ಮ ರಾಜ್ಯದಲ್ಲಿ 2007ರ ಕಾಯ್ದೆಯೂ ಇದೆ. ಬೋರ್ಡಿನ ಮೇಲೆ ಆ ಪದ ಬರೆಸಿ ಅಧಿಕಾರಿಗಳ ಪ್ರಶ್ನೆಯನ್ನು ಬರಮಾಡಿಕೊಳ್ಳುವುದು ಏಕೆ?

ಉಳಿದ ಪದಗಳನ್ನೂ ಒಮ್ಮೆ ತೂಗಿ ನೋಡೋಣ. ‘ಪಾದೋಪಚಾರ’ ಕೇಳಲು ಚೆಂದ, ಆದರೆ ಉಪಚಾರ ನಮ್ಮಲ್ಲಿ ದೇವರಿಗೆ ಮತ್ತು ಅತಿಥಿಗೆ. ಹದಿನಾರು ಉಪಚಾರಗಳಲ್ಲಿ ಪಾದ ತೊಳೆಯಲು ಕೊಡುವ ನೀರು ಪಾದ್ಯ. ಪಾದಸೇವೆ, ಪಾದಪೂಜೆ ಇನ್ನೂ ಗುರುಪೀಠದ ಮಾತುಗಳು. ಹಣ ಕೊಟ್ಟು ಕಾಲು ಚಾಚುವ ಗಿರಾಕಿಗೂ ಮುಜುಗರ, ಕೆಳಗೆ ಕೂತು ಕೆಲಸ ಮಾಡುವ ನಿಮ್ಮ ಹುಡುಗಿಯರಿಗೂ ಅದು ತಕ್ಕ ಹೆಸರಲ್ಲ. ‘ಪಾದ ಸೌಂದರ್ಯ’ ಎಂದರೆ ಬಣ್ಣ, ಮದರಂಗಿ ನೆನಪಾಗುತ್ತದೆ, ಒಡೆದ ಹಿಮ್ಮಡಿ ಉಜ್ಜುವ ಕೆಲಸ ಅದರೊಳಗೆ ಬರುವುದಿಲ್ಲ. ‘ಕಾಲಿನ ಆರೈಕೆ’ ಎಂದರೆ? ಕನ್ನಡದ ಕಾಲು ಬಹಳ ಉದ್ದ, ಸೊಂಟದ ಕೆಳಗಿನಿಂದ ಬೆರಳ ತುದಿಯವರೆಗೂ ಅದು ಕಾಲೇ. ಮಂಡಿನೋವಿನವರೂ ಬಂದುಬಿಡುತ್ತಾರೆ. ಅಚ್ಚಗನ್ನಡದ ‘ಅಡಿ’ ನನಗೆ ಪ್ರಿಯವಾದ ಪದ, ಆದರೆ ಇವತ್ತು ಅಡಿ ಎಂದರೆ ಸೈಟಿನ ಅಳತೆ ಅಥವಾ ಏನಾದರೊಂದರ ಕೆಳಭಾಗ. ಹಾಗೆ ನೋಡಿದರೆ ಪಾದ ಎಂಬ ಎರವಲು ಪದವೇ ಇಲ್ಲಿ ಸರಿಯಾಗಿ ಹಿಮ್ಮಡಿಯಿಂದ ಬೆರಳಿನವರೆಗೆ ಅಳೆದುಕೊಡುತ್ತದೆ, ಅದನ್ನು ತಿಳಿಯದವರು ತಿಪಟೂರಿನಲ್ಲಿ ಯಾರೂ ಇರಲಾರರು.

ಬರೀ ‘ಪೆಡಿಕ್ಯೂರ್’ ಎಂದು ಕನ್ನಡ ಲಿಪಿಯಲ್ಲಿ ಬರೆಸಬಹುದೇ ಎಂದರೆ, ಬರೆಸಬಹುದು. ಕಾಲೇಜಿನ ಹುಡುಗಿಯರು ಹುಡುಕಿಕೊಂಡು ಬರುವುದು ಆ ಪದವನ್ನೇ, ಅದನ್ನು ಅಳಿಸಿಹಾಕಿದರೆ ನಿಮಗೇ ನಷ್ಟ. ಆದರೆ ಅದೊಂದೇ ಇದ್ದರೆ ಅವರ ತಾಯಂದಿರಿಗೆ, ಅಜ್ಜಿಯರಿಗೆ ಅದು ಬರೀ ಸದ್ದು.

ನನ್ನ ಆಯ್ಕೆ ‘ಆರೈಕೆ’. ಹಳಗನ್ನಡದ ‘ಆರಯ್’ ಎಂದರೆ ಹುಡುಕು, ವಿಚಾರಿಸು, ಗಮನವಿಟ್ಟು ನೋಡು, ಕಾಪಾಡು. ಲ್ಯಾಟಿನ್ನಿನ ಕೂರಾ ಹೊತ್ತುಕೊಂಡಿದ್ದ ಅರ್ಥಗಳ ಗಂಟನ್ನು ಇದಕ್ಕಿಂತ ಚೆನ್ನಾಗಿ ಹೊರುವ ಪದ ನನಗೆ ಕಂಡಿಲ್ಲ. ಮುಖ್ಯವಾಗಿ, ಆರೈಕೆಯನ್ನು ನಾವು ರೋಗಕ್ಕೆ ಕಟ್ಟಿಹಾಕಿಲ್ಲ. ಬಾಣಂತಿಗೆ ಆರೈಕೆ ಮಾಡುತ್ತೇವೆ, ಅವಳು ರೋಗಿಯಲ್ಲ. ಕೂಸಿಗೆ ಮಾಡುತ್ತೇವೆ. ನಿಮ್ಮ ಕಡೆ ತೆಂಗಿನ ಸಸಿಗೂ ಆರೈಕೆ ಮಾಡುತ್ತಾರೆ. ವಾಸಿ ಮಾಡಿಕೊಡುತ್ತೇನೆ ಎಂಬ ಭರವಸೆ ಆ ಪದದಲ್ಲಿ ಇಲ್ಲ, ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂಬ ಮಾತು ಇದೆ. ಅಷ್ಟು ಮಾತನ್ನು ನೀವು ದಿನವೂ ಉಳಿಸಿಕೊಳ್ಳಬಲ್ಲಿರಿ.

ಆದ್ದರಿಂದ ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ‘ಪಾದಗಳ ಆರೈಕೆ’, ಅದರ ಕೆಳಗೆ ಸ್ವಲ್ಪ ಚಿಕ್ಕದಾಗಿ ‘ಪೆಡಿಕ್ಯೂರ್’, ಎರಡೂ ಕನ್ನಡ ಲಿಪಿಯಲ್ಲಿ. ಇಂಗ್ಲಿಷ್ ಲಿಪಿ ಬೇಕೆನಿಸಿದರೆ ಅದರ ಕೆಳಗಿರಲಿ. 2024ರ ತಿದ್ದುಪಡಿಯಂತೆ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು, ಕನ್ನಡ ಮೇಲುಭಾಗದಲ್ಲಿರಬೇಕು. ‘ಕ್ಯೂ’ ದೀರ್ಘ ಇರಲಿ, ‘ಪೆಡಿಕೇರ್’ ಆಗದಂತೆ ಬಣ್ಣ ಹಾಕುವ ಮುಂಚೆ ನೀವೇ ಒಮ್ಮೆ ಓದಿ ನೋಡಿ. ಮೆನಿಕ್ಯೂರ್‌ಗೂ ಇದೇ ಜೋಡಿ ಹೊಂದುತ್ತದೆ: ‘ಕೈಗಳ ಆರೈಕೆ’. ಒಳಗೆ ಗೋಡೆಯ ಮೇಲೆ ಇನ್ನೊಂದು ಸಾಲು ಬರೆಸಿದರೆ ನನಗೆ ಸಮಾಧಾನ: ‘ಗಾಯ, ಹುಣ್ಣು, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ.’

ಅತ್ತೆಯವರಿಗೆ ಏನು ಹೇಳುವುದು ಎಂದು ಕೇಳಿದ್ದಿರಿ. ‘ಅತ್ತೆ, ನಾನು ಮಾಡೋದು ಆರೈಕೆ, ವಾಸಿ ಮಾಡೋರು ಬೇರೆ ಇದ್ದಾರೆ’ ಎಂದು ಹೇಳಿ, ಅವರ ಸಕ್ಕರೆ ಕಾಯಿಲೆ ನೋಡುವ ವೈದ್ಯರ ಬಳಿ ಕರೆದುಕೊಂಡು ಹೋಗಿ. ಪಾದದಲ್ಲಿ ಸ್ಪರ್ಶ ಎಷ್ಟು ಉಳಿದಿದೆ ಎಂದು ವೈದ್ಯರು ಪರೀಕ್ಷಿಸಲಿ. ಸ್ಪರ್ಶ ಕಡಿಮೆಯಾಗಿದ್ದರೆ ಬಿಸಿನೀರು ಸುಟ್ಟರೂ ಅವರಿಗೆ ತಿಳಿಯುವುದಿಲ್ಲ, ಬ್ಲೇಡು ತಾಗಿದರೂ ತಿಳಿಯುವುದಿಲ್ಲ. ವೈದ್ಯರು ಆಗಬಹುದು ಎಂದ ಮೇಲೆ ಮನೆಗೆ ಬಂದು ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬೆರಳ ಸಂದಿಯಲ್ಲಿ ತೇವ ಉಳಿಯದಂತೆ ಒರೆಸಿ, ಹಿಮ್ಮಡಿಗೆ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿಕೊಡಿ.